ಕರೆಂಟು ಕೊಡುವ ಯಂತ್ರಕ್ಕೇ ಕರೆಂಟಿಲ್ಲ: ಮೋಟಾರ್‌ಹೋಮ್ ಜನರೇಟರಿನ ಬ್ಯಾಟರಿ ಯಾಕೆ ಕೈಕೊಡುತ್ತದೆ?

ದಸರಾ ರಜೆ. ಆನೆಗೊಂದಿ ರಸ್ತೆಯ ಪಕ್ಕದ ಬಯಲಿನಲ್ಲಿ ಒಂದು ಮೋಟಾರ್‌ಹೋಮ್ ನಿಂತಿತ್ತು. ಟೆಂಪೊ ಟ್ರಾವೆಲರಿನ ಸೀಟು ಕಿತ್ತು, ಒಳಗೆ ಮಂಚ, ಒಲೆ, ಪುಟ್ಟ ಫ್ರಿಜ್ಜು, ಎ.ಸಿ. ಕೂರಿಸಿದ ಗಾಡಿ. ಹಿಂಬದಿಯ ಕಬ್ಬಿಣದ ಖಾನೆಯಲ್ಲಿ ಜನರೇಟರ್. ಬೆಂಗಳೂರಿಂದ ಬಂದ ಕುಟುಂಬ ಅಂಜನಾದ್ರಿ ಹತ್ತಿಳಿದು, ಬೆವರು ಒರೆಸಿಕೊಳ್ಳುತ್ತ ಎ.ಸಿ. ಹಾಕಿ ಅಂದಿದೆ. ಗಾಡಿಯ ಮಾಲೀಕ ಸ್ವಿಚ್ ಒತ್ತಿದ್ದಾನೆ. ಟಕ್. ಟಕ್ ಟಕ್ ಟಕ್. ಅಷ್ಟೇ.

ಗಂಗಾವತಿಯಲ್ಲಿ ಆಟೊ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ನನ್ನ ಗೆಳೆಯನಿಗೆ ಫೋನ್ ಬಂತು. ಅವನ ಬೈಕಿನ ಹಿಂದೆ ಕೂತು ನಾನೂ ಹೋದೆ.

"ಹೋದ ವಾರ ಅರ್ಧ ತಾಸು ಓಡಿಸೀನ್ರಿ ಅಣ್ಣಾ. ಫುಲ್ ಚಾರ್ಜ್ ಆಗಿರಬೇಕಿತ್ತಲ್ರಿ?" ಅಂದ ಮಾಲೀಕ.

"ಅರ್ಧ ತಾಸಿಗೆ ಇದರ ಹೊಟ್ಟಿ ತುಂಬಂಗಿಲ್ಲಪ್ಪಾ" ಅಂದ ಗೆಳೆಯ, ಮೀಟರ್ ಹೊರತೆಗೆಯುತ್ತ.

ಹಂಪಿ, ಆನೆಗೊಂದಿ ಕಡೆ ಇಂಥ ಗಾಡಿ ಬಾಡಿಗೆಗೆ ಬಿಡುವವರಿಗೆ ಮಾತ್ರ ಈ ತಲೆನೋವು ಅಂದುಕೊಳ್ಳಬೇಡಿ. ಕಲ್ಯಾಣ ಮಂಟಪದ ಜನರೇಟರ್, ಜಾತ್ರೆಗೆ ಲೈಟ್ ಹಾಕುವವರ ಜನರೇಟರ್, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದ ಜನರೇಟರ್, ಎಲ್ಲದರ ಪಕ್ಕದಲ್ಲೂ ಇದೇ ಥರದ ಒಂದು ಕಪ್ಪು ಡಬ್ಬಿ ಕೂತಿರುತ್ತದೆ. ತಿಂಗಳುಗಟ್ಟಲೆ ಯಾರೂ ಅದರ ಮುಖ ನೋಡುವುದಿಲ್ಲ. ಮೋಟಾರ್‌ಹೋಮಿನಲ್ಲಿ ಇದು ಹೆಚ್ಚು ಕಾಡುವುದಕ್ಕೆ ಕಾರಣ, ಆ ಗಾಡಿ ವರ್ಷದಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ.

ಒಂದು ಗಾಡಿ, ಮೂರು ಬ್ಯಾಟರಿ

ಮಾಲೀಕನ ಮೊದಲ ತಪ್ಪು ಕಲ್ಪನೆ ಇದು: ಗಾಡಿ ಬೆಂಗಳೂರಿನಿಂದ ಓಡಿ ಬಂದಿದೆ, ದಾರಿಯುದ್ದಕ್ಕೂ ಬ್ಯಾಟರಿ ಚಾರ್ಜ್ ಆಗಿರಬೇಕು. ಆಗಿದೆ ನಿಜ, ಆದರೆ ಬೇರೆ ಬ್ಯಾಟರಿ.

ಇಂಥ ಗಾಡಿಯಲ್ಲಿ ಮೂರು ಬ್ಯಾಟರಿ ಇರಬಹುದು. ಗಾಡಿಯ ಇಂಜಿನ್ ಎಬ್ಬಿಸುವುದು ಒಂದು. ಒಳಗಿನ ಲೈಟು, ಫ್ಯಾನು, ನೀರಿನ ಪಂಪು ನಡೆಸುವ 'ಮನೆ ಬ್ಯಾಟರಿ' ಇನ್ನೊಂದು. ಜನರೇಟರಿನ ಸೆಲ್ಫ್ ತಿರುಗಿಸುವುದು ಮೂರನೆಯದು. ಕೆಲವು ಗಾಡಿಗಳಲ್ಲಿ ಈ ಮೂರನೆಯದು ಇರುವುದಿಲ್ಲ, ಜನರೇಟರ್ ಮನೆ ಬ್ಯಾಟರಿಯಿಂದಲೇ ಏಳುತ್ತದೆ. ನಿಮ್ಮದು ಯಾವ ಥರದ್ದು ಅನ್ನುವುದನ್ನು ದಪ್ಪ ಕೆಂಪು ಕೇಬಲ್ ಹಿಡಿದುಕೊಂಡು ಹೋಗಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಆನೆಗೊಂದಿಯ ಗಾಡಿಯಲ್ಲಿ ಮೂರೂ ಬೇರೆ ಬೇರೆ ಇದ್ದವು. ಇಂಜಿನ್ನಿನ ಡೈನಮೊ ಮೊದಲೆರಡನ್ನು ಮಾತ್ರ ತುಂಬಿಸುತ್ತಿತ್ತು. ಮೂರನೆಯದರ ಕಡೆಗೆ ಒಂದು ವೈರೂ ಹೋಗಿರಲಿಲ್ಲ.

ಎರಡನೆಯ ಕಲ್ಪನೆ ಇನ್ನೂ ಸಹಜವಾದದ್ದು. ಕರೆಂಟು ಹುಟ್ಟಿಸುವ ಯಂತ್ರಕ್ಕೆ ಕರೆಂಟಿನ ಬರ ಹೇಗೆ ಬರುತ್ತದೆ? ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇಲ್ಲಿ ಅಕ್ಷರಶಃ ನಿಜ. ರಾಯಚೂರು ಜಿಲ್ಲೆಯ ಶಕ್ತಿನಗರದ ಶಾಖೋತ್ಪನ್ನ ಸ್ಥಾವರವನ್ನೇ ತೆಗೆದುಕೊಳ್ಳಿ. 1985ರಿಂದ ನಡೆಯುತ್ತಿರುವ ಅದರ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಅಂಥ ಸ್ಥಾವರ ಪೂರ್ತಿ ತಣ್ಣಗಾದರೆ ಮತ್ತೆ ಹೊತ್ತಿಸಲು ಹೊರಗಿನ ಲೈನಿನಿಂದ ಕರೆಂಟು ತರಬೇಕು, ಯಾಕೆಂದರೆ ನೀರೆತ್ತುವ ಪಂಪು, ಗಾಳಿ ಊದುವ ಫ್ಯಾನು, ಕಲ್ಲಿದ್ದಲು ಪುಡಿ ಮಾಡುವ ಗಿರಣಿ ಎಲ್ಲವೂ ಮೊದಲು ತಿರುಗಬೇಕು. ಪುಟ್ಟ ಜನರೇಟರಿನದೂ ಇದೇ ಪಾಡು. ಅದಕ್ಕೆ ಹೊರಗಿನ ಲೈನು ಅಂದರೆ ಆ ಕಪ್ಪು ಡಬ್ಬಿ. ಸೆಲ್ಫ್ ಮೋಟಾರು, ಡೀಸೆಲ್ ಪಂಪು, ಕಂಟ್ರೋಲ್ ಬೋರ್ಡು, ಎಲ್ಲವೂ ಅದರ ಮೇಲೇ ನಿಂತಿವೆ.

ಡಬ್ಬಿಯೊಳಗೆ ನಡೆಯುವುದು

ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮಾಡಿ ತೋರಿಸಿದ. ಆಮೇಲೆ ಸುಧಾರಣೆ ಎಷ್ಟೋ ಆಗಿದ್ದರೂ ಮೂಲ ಅದೇ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಣೆಗಳು, ಅಂದರೆ ಆರು ಸೆಲ್ಲು. ಪ್ರತಿಯೊಂದರಲ್ಲೂ ಸೀಸದ ಪ್ಲೇಟುಗಳು, ನೀರು ಬೆರೆಸಿದ ಗಂಧಕಾಮ್ಲ. ಒಂದೊಂದು ಸೆಲ್ಲು ಸುಮಾರು 2.1 ವೋಲ್ಟ್ ಕೊಡುತ್ತದೆ. ಆರು ಸೇರಿ 12.6.

ಕರೆಂಟು ಹೊರಗೆ ಹೋಗುವಾಗ ಆಮ್ಲದಲ್ಲಿರುವ ಗಂಧಕದ ಅಂಶ ಪ್ಲೇಟಿಗೆ ಅಂಟಿಕೊಂಡು ಸೀಸದ ಸಲ್ಫೇಟ್ ಆಗುತ್ತದೆ. ಆಮ್ಲ ತೆಳುವಾಗುತ್ತ ನೀರಿನ ಹಾಗಾಗುತ್ತದೆ. ಚಾರ್ಜ್ ಮಾಡಿದಾಗ ಸಲ್ಫೇಟ್ ಬಿಟ್ಟುಕೊಂಡು ಮತ್ತೆ ಆಮ್ಲಕ್ಕೆ ಸೇರುತ್ತದೆ. ಇಷ್ಟೇ ಆಟ.

ತೊಂದರೆ ಇರುವುದು ತಡ ಮಾಡುವುದರಲ್ಲಿ. ನಮ್ಮ ಕಡೆಯ ಬೋರ್ ನೀರು ಕಾಸಿದ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದು ಗೊತ್ತಲ್ಲ. ಅವತ್ತಿಗೆ ಅವತ್ತೇ ಉಜ್ಜಿದರೆ ನಾರಿಗೆ ಬರುತ್ತದೆ. ಆರು ತಿಂಗಳು ಬಿಟ್ಟರೆ ಉಳಿ ಹಿಡಿದು ಕುಟ್ಟಬೇಕು. ಸಲ್ಫೇಟೂ ಹಾಗೆಯೇ. ಖಾಲಿ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಅದು ಗಟ್ಟಿ ಹರಳಾಗಿ ಪ್ಲೇಟಿನ ಮೇಲೆ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜಿಗೆ ಹಾಕಿದರೂ ಪೂರ್ತಿ ಬಿಡುವುದಿಲ್ಲ. ಬ್ಯಾಟರಿ 'ಸತ್ತಿತು' ಅನ್ನುವುದು ಬಹಳ ಸಲ ಇದಕ್ಕೇ.

ಜನರೇಟರಿನ ಬ್ಯಾಟರಿಗೂ ಮನೆ ಬ್ಯಾಟರಿಗೂ ಗುಣ ಬೇರೆ. ಮೊದಲನೆಯದು ಪೈಲ್ವಾನ ಇದ್ದ ಹಾಗೆ: ಒಂದು ಪಟ್ಟು, ಮೂರು ಸೆಕೆಂಡು, ಎದುರಾಳಿ ನೆಲಕ್ಕೆ. ಅದಕ್ಕೆಂದೇ ಅದರಲ್ಲಿ ತೆಳ್ಳಗಿನ ಪ್ಲೇಟುಗಳು ಬಹಳ. ಮನೆ ಬ್ಯಾಟರಿ ಬೆಳಗಿನಿಂದ ಸಂಜೆತನಕ ಹೊಲ ಹೂಡುವ ಎತ್ತು. ಅದರ ಪ್ಲೇಟುಗಳು ದಪ್ಪ. ಪೈಲ್ವಾನನನ್ನು ನೊಗಕ್ಕೆ ಕಟ್ಟಿದರೆ, ಅಂದರೆ ಜನರೇಟರ್ ಬ್ಯಾಟರಿಗೆ ರಾತ್ರಿಯೆಲ್ಲ ಲೈಟು, ಫ್ಯಾನು ಹಚ್ಚಿದರೆ, ಕೆಲವೇ ಸಲಕ್ಕೆ ಅವನ ಸೊಂಟ ಬೀಳುತ್ತದೆ.

ಟಕ್ ಟಕ್ ಏನು ಹೇಳುತ್ತದೆ

ಗೆಳೆಯ ಮೀಟರಿನ ಎರಡು ಕಡ್ಡಿಗಳನ್ನು ಟರ್ಮಿನಲ್ಲಿಗೆ ಒತ್ತಿದ. 11.7. ಮಾಲೀಕನ ಮುಖ ಅರಳಿತು. "ಹನ್ನೆರಡರ ಹತ್ರಾನೇ ಐತಲ್ರಿ!"

ಇಲ್ಲೇ ಎಲ್ಲರೂ ಎಡವುವುದು. ಸೀಸದ ಬ್ಯಾಟರಿಯಲ್ಲಿ 12 ಅಂದರೆ ತುಂಬಿದ ಲೆಕ್ಕ ಅಲ್ಲ, ಹೆಚ್ಚುಕಡಿಮೆ ಮುಗಿದ ಲೆಕ್ಕ. ನಾಲ್ಕಾರು ತಾಸು ಸುಮ್ಮನೆ ಬಿಟ್ಟ ಬ್ಯಾಟರಿ 12.6 ಅಥವಾ 12.7 ತೋರಿಸಿದರೆ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12.0 ಅಂದರೆ ಕಾಲುಭಾಗ. 11.9ಕ್ಕೆ ಇಳಿಯಿತೆಂದರೆ ತಳದಲ್ಲಿ ಕೈ ಆಡಿಸಿದ ಹಾಗೆ. ತುಂಬಿದ್ದಕ್ಕೂ ಬರಿದಾದದ್ದಕ್ಕೂ ನಡುವೆ ಒಂದು ವೋಲ್ಟೂ ಅಂತರವಿಲ್ಲ. ಅದಕ್ಕೇ ಮುಳ್ಳು ಅಲ್ಲಾಡುವ ಹಳೇ ಮೀಟರ್ ಇಲ್ಲಿ ಸಾಲದು, ದಶಾಂಶ ತೋರಿಸುವ ಡಿಜಿಟಲ್ ಮೀಟರ್ ಬೇಕು.

"ಈಗ ಒತ್ತು" ಅಂದ ಗೆಳೆಯ. ಒತ್ತಿದೊಡನೆ 11.7 ಇದ್ದದ್ದು ಏಳಕ್ಕೆ ಕುಸಿಯಿತು, ಮತ್ತೆ ಹನ್ನೊಂದಕ್ಕೆ ಏರಿತು, ಮತ್ತೆ ಕುಸಿಯಿತು. ಆ ಏರಿಳಿತವೇ ಟಕ್ ಟಕ್. ಸ್ವಿಚ್ ಒತ್ತಿದಾಗ ರಿಲೇ ಒಳಗಿನ ಸುರುಳಿ ಒಂದು ಕಬ್ಬಿಣದ ತುಂಡನ್ನು ಎಳೆದು ಸೆಲ್ಫ್ ಮೋಟಾರಿಗೆ ದಾರಿ ಬಿಡುತ್ತದೆ. ಮೋಟಾರು ಭಾರಿ ಕರೆಂಟು ಬೇಡುತ್ತದೆ, ಬ್ಯಾಟರಿ ಕುಸಿಯುತ್ತದೆ, ಸುರುಳಿಗೆ ಹಿಡಿದಿಡುವಷ್ಟೂ ಬಲ ಉಳಿಯದೆ ತುಂಡು ಬಿಟ್ಟುಹೋಗುತ್ತದೆ. ಭಾರ ಇಳಿದೊಡನೆ ಬ್ಯಾಟರಿ ಸ್ವಲ್ಪ ಚೇತರಿಸಿಕೊಂಡು ಮತ್ತೆ ಎಳೆಯುತ್ತದೆ. ಹೀಗೆ ಸೆಕೆಂಡಿಗೆ ನಾಲ್ಕಾರು ಸಲ.

ಆರೋಗ್ಯವಾಗಿರುವ ಬ್ಯಾಟರಿ ಸೆಲ್ಫ್ ತಿರುಗುವಾಗಲೂ ಹತ್ತರ ಆಚೀಚೆ ನಿಲ್ಲುತ್ತದೆ. 9.6ಕ್ಕಿಂತ ಕೆಳಗೆ ಬಿದ್ದರೆ ಒಂದೋ ಚಾರ್ಜಿಲ್ಲ, ಇಲ್ಲವೇ ಒಳಗೆ ಸವೆದಿದೆ. ಎಷ್ಟು ಹೊತ್ತು ಚಾರ್ಜಿಗಿಟ್ಟು ಬಿಟ್ಟರೂ 10.5ರ ಹತ್ತಿರವೇ ಕೂತಿದೆ ಅನ್ನಿ, ಲೆಕ್ಕ ಸುಲಭ: 12.6ರಲ್ಲಿ ಒಂದು ಸೆಲ್ಲಿನ 2.1 ಕಳೆದುಹೋಗಿದೆ. ಆರರಲ್ಲಿ ಒಂದು ಕೋಣೆ ಶಾರ್ಟ್ ಆಗಿದೆ. ಅದಕ್ಕೆ ಮದ್ದಿಲ್ಲ.

ಓಡಿಸಿದರೂ ಯಾಕೆ ತುಂಬುವುದಿಲ್ಲ

ಸ್ವಾರಸ್ಯ ಅಂದರೆ, ಜನರೇಟರ್ ಎಬ್ಬಿಸಲು ಖರ್ಚಾಗುವುದು ಬಹಳ ಕಡಿಮೆ. ಸೆಲ್ಫ್ ಮೋಟಾರು 200 ಆಂಪ್ ಎಳೆದು ಮೂರು ಸೆಕೆಂಡಿಗೆ ಇಂಜಿನ್ ಎದ್ದಿತು ಅನ್ನೋಣ. ಖರ್ಚಾದದ್ದು 0.17 ಆಂಪ್-ಅವರ್. ಒಂದು ಆಂಪ್ ಕರೆಂಟನ್ನು ಒಂದು ತಾಸು ಹರಿಸಿದರೆ ಒಂದು ಆಂಪ್-ಅವರ್; ಬ್ಯಾಟರಿ ಮೇಲೆ 60 ಎಂದು ಬರೆದಿದ್ದರೆ ಅದರ ಹೊಟ್ಟೆ ಅಂಥ ಅರವತ್ತರದ್ದು. ಅರವತ್ತರಲ್ಲಿ 0.17 ಅಂದರೆ ಹಂಡೆಯಿಂದ ಒಂದು ಲೋಟ. ಜನರೇಟರ್ ಓಡುವಾಗ ಬ್ಯಾಟರಿಗೆ 5 ಆಂಪ್ ಹಿಂತಿರುಗಿಸಿದರೂ ಎರಡು ಮೂರು ನಿಮಿಷದಲ್ಲಿ ಬಾಕಿ ತೀರುತ್ತದೆ.

ಆದರೆ ತಿಂಗಳುಗಟ್ಟಲೆ ನಿಂತು ಅರ್ಧ ಬರಿದಾದ ಬ್ಯಾಟರಿಯ ಬಾಕಿ 30 ಆಂಪ್-ಅವರ್. ಅದೇ 5 ಆಂಪ್‌ನಲ್ಲಿ ಅರ್ಧ ತಾಸು ಓಡಿಸಿದರೆ ತೀರುವುದು ಎರಡೂವರೆ. ಮಾಲೀಕನ ಅರ್ಧ ತಾಸಿನ ಕಥೆ ಇದೇ. ಹೋದ ವಾರ ಹೇಗೋ ಎದ್ದಿತ್ತು, ಈ ವಾರಕ್ಕೆ ಅದೂ ತೀರಿತ್ತು.

ದೊಡ್ಡ ಡೀಸೆಲ್ ಸೆಟ್ಟುಗಳಿಗೆ ಬ್ಯಾಟರಿ ತುಂಬಿಸಲೆಂದೇ ಬೇರೆ ಡೈನಮೊ ಇರುತ್ತದೆ. ಗಾಡಿಯಲ್ಲಿ ಕೂರಿಸುವ ಪುಟ್ಟ ಸೆಟ್ಟುಗಳಲ್ಲಿ ಬಹುಮಟ್ಟಿಗೆ ಒಂದು ಸಣ್ಣ ಸುರುಳಿ, ಒಂದು ರೆಗ್ಯುಲೇಟರ್ ಅಷ್ಟೇ. ಕೆಲವೇ ಆಂಪ್ ಕೊಡುತ್ತದೆ. ಅದರ ಫ್ಯೂಸ್ ಹಾರಿ ವರ್ಷವಾಗಿದ್ದರೂ ಎ.ಸಿ. ತಣ್ಣಗೆ ಓಡುತ್ತಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಪರೀಕ್ಷೆ ಸುಲಭ: ಜನರೇಟರ್ ಓಡುತ್ತಿರುವಾಗ ಅದರ ಬ್ಯಾಟರಿಯ ಮೇಲೆ ಮೀಟರ್ ಇಡಿ. 13.8ರಿಂದ 14.5ರೊಳಗೆ ತೋರಿಸಿದರೆ ಚಾರ್ಜ್ ಹೋಗುತ್ತಿದೆ. ನಿಲ್ಲಿಸಿದ್ದಾಗ ಎಷ್ಟಿತ್ತೋ ಅಷ್ಟೇ ಇದ್ದರೆ ಹೋಗುತ್ತಿಲ್ಲ.

ಇನ್ನೊಂದು ಗುಟ್ಟು. ಬ್ಯಾಟರಿ ತುಂಬುವುದು ಕೊಪ್ಪಳ ಸ್ಟ್ಯಾಂಡಿನಲ್ಲಿ ಸಂಜೆ ಬಸ್ಸು ತುಂಬಿದ ಹಾಗೆ. ಮೊದಲ ಮೂವತ್ತು ಜನ ಓಡಿ ಹತ್ತಿ ಕೂತುಬಿಡುತ್ತಾರೆ. ಕೊನೆಯ ಹತ್ತು ಜನರಿಗೆ ಕಂಡಕ್ಟರು "ಒಳಗ ಸರೀರಿ, ಒಳಗ ಸರೀರಿ" ಅನ್ನುತ್ತ ಜಾಗ ಮಾಡಿಸಬೇಕು, ಅಷ್ಟೇ ಹೊತ್ತು ಅದಕ್ಕೂ ಹಿಡಿಯುತ್ತದೆ. ಬ್ಯಾಟರಿಯ ಮೊದಲ ಎಂಬತ್ತು ಭಾಗ ಬೇಗ ತುಂಬಿ, ಉಳಿದ ಇಪ್ಪತ್ತಕ್ಕೆ ತಾಸುಗಟ್ಟಲೆ ಬೇಕಾಗುತ್ತದೆ. ಅಷ್ಟು ಹೊತ್ತು ಡೀಸೆಲ್ ಸುಟ್ಟು ಜನರೇಟರ್ ಓಡಿಸುವುದು ದುಬಾರಿ ಬಾಬತ್ತು.

ಹಾಗಂತ ಓಡಿಸಲೇಬೇಡಿ ಅಂತಲ್ಲ. ತಿಂಗಳಿಗೊಮ್ಮೆ ಎ.ಸಿ.ಯನ್ನೋ ಗೀಸರನ್ನೋ ಹಚ್ಚಿ, ಅರ್ಧ ಲೋಡಿನ ಮೇಲೆ ಒಂದೆರಡು ತಾಸು ಓಡಿಸುವುದು ಇಂಜಿನ್ನಿನ ಆರೋಗ್ಯಕ್ಕೆ ಬೇಕು. ಅದನ್ನು ಬ್ಯಾಟರಿ ತುಂಬಿಸುವ ಉಪಾಯ ಎಂದುಕೊಳ್ಳಬಾರದು, ಅಷ್ಟೇ.

ನಿಂತಲ್ಲೇ ಸೋರುವುದು, ಮೇಲೆ ನಮ್ಮ ಬಿಸಿಲು

ಯಾರೂ ಮುಟ್ಟದಿದ್ದರೂ ಬ್ಯಾಟರಿ ಇಳಿಯುವುದಕ್ಕೆ ಎರಡು ದಾರಿ.

ಒಂದು, ಕಾಣದ ಕಳ್ಳರು. ಜನರೇಟರಿನ ಕಂಟ್ರೋಲ್ ಬೋರ್ಡು, ಡಿಜಿಟಲ್ ಗಡಿಯಾರ, ಗ್ಯಾಸ್ ಸೋರಿಕೆ ಅಲಾರಂ, ಇವು ಹಗಲೂ ರಾತ್ರಿ ಒಂದೊಂದು ಹನಿ ಹೀರುತ್ತಿರುತ್ತವೆ. ಒಟ್ಟು 30 ಮಿಲಿಆಂಪ್, ಅಂದರೆ 0.03 ಆಂಪ್ ಅಂದುಕೊಳ್ಳಿ. ಕೇಳಲು ಏನೂ ಅಲ್ಲ. ದಿನಕ್ಕೆ 0.72 ಆಂಪ್-ಅವರ್, ಆರು ವಾರಕ್ಕೆ 30. ಅರವತ್ತರ ಬ್ಯಾಟರಿ ಅರ್ಧಕ್ಕೆ ಬಂತು. ಆನೆಗೊಂದಿಯ ಗಾಡಿಯಲ್ಲಿ ಗ್ಯಾಸ್ ಅಲಾರಂ ಕೂರಿಸಿದವರು ಹತ್ತಿರವಿದೆ ಎಂದು ಅದರ ವೈರನ್ನು ಜನರೇಟರ್ ಬ್ಯಾಟರಿಗೇ ಸುತ್ತಿದ್ದರು. ಗೆಳೆಯ ಅದನ್ನು ಬೆರಳಿನಲ್ಲಿ ಎತ್ತಿ ತೋರಿಸಿದನೇ ಹೊರತು ಏನೂ ಅನ್ನಲಿಲ್ಲ.

ಎರಡನೆಯದು ತಾನಾಗಿ ಸೋರುವುದು. ಎರಡೂ ಟರ್ಮಿನಲ್ ಬಿಚ್ಚಿಟ್ಟರೂ ಒಳಗಿನ ರಸಾಯನ ಸುಮ್ಮನಿರುವುದಿಲ್ಲ. 25 ಡಿಗ್ರಿ ವಾತಾವರಣದಲ್ಲಿ ಒಳ್ಳೆಯ ಸೀಸದ ಬ್ಯಾಟರಿ ತಿಂಗಳಿಗೆ ಶೇಕಡಾ 3ರಿಂದ 5ರಷ್ಟು ಕಳೆದುಕೊಳ್ಳುತ್ತದೆ. ಪ್ರತಿ 10 ಡಿಗ್ರಿ ಏರಿಕೆಗೆ ಇದು ಹೆಚ್ಚುಕಡಿಮೆ ದುಪ್ಪಟ್ಟು. ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ಬಿಸಿಲು 40 ದಾಟುವುದು ಹೊಸ ಸುದ್ದಿಯಲ್ಲ. ಬಯಲಲ್ಲಿ ನಿಂತ ಗಾಡಿಯ ಕಬ್ಬಿಣದ ಖಾನೆಯೊಳಗೆ 45 ಅನ್ನೋಣ. ದುಪ್ಪಟ್ಟಿನ ಮೇಲೆ ದುಪ್ಪಟ್ಟು: ತಿಂಗಳಿಗೆ ಶೇಕಡಾ 12ರಿಂದ 20.

ಹಂಪಿಯ ಸೀಸನ್ ಅಕ್ಟೋಬರಿನಿಂದ ಫೆಬ್ರುವರಿ. ಗಾಡಿಗಳು ಮೂಲೆ ಸೇರುವುದು ಸರಿಯಾಗಿ ಬೇಸಿಗೆಗೆ. ಬ್ಯಾಟರಿಯನ್ನು ಯಾರೂ ನೋಡದ ತಿಂಗಳುಗಳೂ ಅದು ಅತಿ ಹೆಚ್ಚು ಸೋರುವ ತಿಂಗಳುಗಳೂ ಒಂದೇ. ಸಾಲದ್ದಕ್ಕೆ ಬಿಸಿಗೆ ನೀರು ಆರುತ್ತದೆ, ಪ್ಲೇಟು ಬೇಗ ಸವೆಯುತ್ತದೆ. ಸದಾ 10 ಡಿಗ್ರಿ ಹೆಚ್ಚು ಬಿಸಿಯಲ್ಲಿರುವ ಬ್ಯಾಟರಿಯ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಅನ್ನುವುದು ಈ ಕಸುಬಿನವರ ಹಳೇ ಲೆಕ್ಕ. ಚಳಿಯಲ್ಲಿ ಬ್ಯಾಟರಿ ಏಳುವುದಿಲ್ಲ ಅನ್ನುವ ದೂರು ನಾವೂ ಕೇಳುತ್ತೇವೆ. ಆದರೆ ನಮ್ಮಲ್ಲಿ ಬೇಸಿಗೆ ಕೊಂದದ್ದನ್ನು ಚಳಿಗಾಲ ಬಯಲು ಮಾಡುತ್ತದೆ ಅನ್ನುವುದೇ ಸರಿ.

ಹಾಗಾದರೆ ತುಂಬಿಸುವುದು ಹೇಗೆ

ಗಾಡಿ ಶೆಡ್ಡಿನಲ್ಲಿ, ಪ್ಲಗ್ಗಿನ ಹತ್ತಿರ ನಿಲ್ಲುವುದಾದರೆ ಮೂರು ಹಂತದ ಆಟೊಮ್ಯಾಟಿಕ್ ಚಾರ್ಜರ್ ಸಾಕು. ಮೊದಲ ಹಂತದಲ್ಲಿ ಜೋರಾಗಿ ತುಂಬುತ್ತದೆ. ಎರಡನೆಯದರಲ್ಲಿ 14.4 ವೋಲ್ಟಿನ ಸುಮಾರಿಗೆ ನಿಂತು ಬಸ್ಸಿನ ಕೊನೆಯ ಹತ್ತು ಜನರನ್ನು ಹತ್ತಿಸುತ್ತದೆ. ಆಮೇಲೆ 13.6ರ ಸುಮಾರಿಗೆ ಇಳಿದು, ಸೋರಿದಷ್ಟನ್ನು ಮಾತ್ರ ತುಂಬುತ್ತ ತಿಂಗಳುಗಟ್ಟಲೆ ಕಾಯುತ್ತದೆ. ಈ ಮೂರನೇ ಹಂತ ಇಲ್ಲದ ಅಗ್ಗದ ಚಾರ್ಜರನ್ನು ಹಾಕಿ ಮರೆತರೆ ಬ್ಯಾಟರಿ ಕುದ್ದು ನೀರೆಲ್ಲ ಆವಿ. ಇಂಥವನ್ನು ರಾತ್ರಿ ಹಾಕಿ ಬೆಳಿಗ್ಗೆ ತೆಗೆಯಬೇಕು. ಖರೀದಿಸುವಾಗ ಒಂದು ಪ್ರಶ್ನೆ ಕೇಳಿ: ಕರೆಂಟು ಹೋಗಿ ಬಂದರೆ ತಾನೇ ಮತ್ತೆ ಶುರುವಾಗುತ್ತದೆಯೋ, ಬಟನ್ ಒತ್ತಬೇಕೋ? ನಮ್ಮ ಕಡೆ ಇದು ಸಣ್ಣ ಮಾತಲ್ಲ.

ಬಿಸಿಗೆ ತಕ್ಕಂತೆ ವೋಲ್ಟ್ ಇಳಿಸಿಕೊಳ್ಳುವ ಚಾರ್ಜರ್ ಸಿಕ್ಕರೆ ಇನ್ನೂ ಒಳ್ಳೆಯದು. 25ರ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.02 ವೋಲ್ಟ್ ಕಡಿಮೆ ಸಾಕು. 45 ಡಿಗ್ರಿಯ ಖಾನೆಯಲ್ಲಿ 13.6ರ ಬದಲು 13.2.

ಚಾರ್ಜಿಂಗ್ ಕರೆಂಟಿಗೆ ಸುಲಭ ಲೆಕ್ಕ ಹತ್ತನೇ ಒಂದು ಭಾಗ. 60ರ ಬ್ಯಾಟರಿಗೆ 6 ಆಂಪ್. ಅರ್ಧ ಇಳಿದಿದ್ದರೆ ಇಡೀ ರಾತ್ರಿ ಬೇಕೇ ಬೇಕು.

ಗಾಡಿ ಬಯಲಲ್ಲೇ ನಿಲ್ಲುವುದಾದರೆ, ಕೊಂದ ಬಿಸಿಲನ್ನೇ ಕಾಯಲು ಹಚ್ಚಬಹುದು. 20 ವ್ಯಾಟಿನ ಸಣ್ಣ ಸೋಲಾರ್ ಪ್ಯಾನೆಲ್ ಗಾಡಿಯ ತಲೆಯ ಮೇಲೆ ಹಾಕಿದರೆ ನಡುಹಗಲಿಗೆ ಒಂದು ಆಂಪ್ ಕೊಡುತ್ತದೆ. ನಮ್ಮ ಬಿಸಿಲಿಗೆ ದಿನಕ್ಕೆ ನಾಲ್ಕೈದು ಆಂಪ್-ಅವರ್ ಅನುಮಾನವಿಲ್ಲದೆ ಬರುತ್ತದೆ. ಕಳ್ಳರ ಪಾಲು, ಸೋರಿಕೆಯ ಪಾಲು ಎರಡೂ ಸೇರಿ ದಿನಕ್ಕೆ ಒಂದರ ಆಸುಪಾಸು. ಆದಾಯ ಖರ್ಚಿಗಿಂತ ಎಷ್ಟೋ ಹೆಚ್ಚು, ಆದ್ದರಿಂದಲೇ ನಡುವೆ ಚಾರ್ಜ್ ಕಂಟ್ರೋಲರ್ ಬೇಕು. ಹಗಲು ಮಿತಿಮೀರದಂತೆ ಅದು ತಡೆಯುತ್ತದೆ, ರಾತ್ರಿ ಬ್ಯಾಟರಿಯಿಂದ ಪ್ಯಾನೆಲ್ಲಿಗೆ ಕರೆಂಟು ಹಿಂದಕ್ಕೆ ಹರಿಯದಂತೆಯೂ ನೋಡಿಕೊಳ್ಳುತ್ತದೆ. ಪ್ಯಾನೆಲ್ಲಿನ ಮೇಲಿನ ಕೆಂಧೂಳು ವಾರಕ್ಕೊಮ್ಮೆ ಒರೆಸಿ.

ಎರಡೂ ಆಗದಿದ್ದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಕಳ್ಳರಾದರೂ ತಪ್ಪುತ್ತಾರೆ. ಆದರೆ ತಾನಾಗಿ ಸೋರುವುದು ತಪ್ಪದು, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಲೇಬೇಕು.

ಮನೆ ಬ್ಯಾಟರಿಯನ್ನು ಲಿಥಿಯಂಗೆ ಬದಲಾಯಿಸಿದವರಿಗೆ ಒಂದು ಮಾತು. ಲಿಥಿಯಂ ಬ್ಯಾಟರಿಯ ವೋಲ್ಟಿನ ಲೆಕ್ಕವೇ ಬೇರೆ, ಮೇಲೆ ಹೇಳಿದ ಅಂಕಿಗಳು ಅದಕ್ಕೆ ಹೊಂದುವುದಿಲ್ಲ. ಅದನ್ನೂ ಜನರೇಟರಿನ ಸೀಸದ ಬ್ಯಾಟರಿಯನ್ನೂ ನೇರ ವೈರಿನಿಂದ ಜೋಡಿಸಬಾರದು.

ನೀರು, ಪುಡಿ, ಕಿಡಿ

ಮುಚ್ಚಳ ಬಿಚ್ಚುವ ಬ್ಯಾಟರಿಗೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರು ನೋಡಬೇಕು. ಪ್ಲೇಟು ಮುಳುಗಿರಬೇಕು. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್ ನೀರಿನ ಸುಣ್ಣ ಪ್ಲೇಟಿಗೆ ವಿಷ, ಫಿಲ್ಟರ್ ನೀರಿನಲ್ಲೂ ಲವಣ ಉಳಿದಿರುತ್ತದೆ. ಆಸಿಡ್ ಹಾಕಿದರೆ ಬಲ ಬರುತ್ತದೆ ಅನ್ನುವವರ ಮಾತು ಕೇಳಬೇಡಿ. ಆರುವುದು ನೀರು, ಆಸಿಡ್ ಅಲ್ಲ.

ಟರ್ಮಿನಲ್ಲಿನ ಮೇಲೆ ಹಸಿರು-ಬಿಳಿ ಪುಡಿ ಕೂತಿದ್ದರೆ ಅದೇ ಅರ್ಧ ರೋಗ. 200 ಆಂಪ್ ಹರಿಯುವ ಜಾಗದಲ್ಲಿ ಓಮಿನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ಎರಡು ವೋಲ್ಟ್ ಅಲ್ಲೇ ನಷ್ಟ. ಅಡುಗೆ ಸೋಡಾ ಕರಗಿಸಿದ ನೀರಿನಿಂದ ಉಜ್ಜಿ, ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿದರೆ ಆಯಿತು. ಸೋಡಾ ನೀರು ಸೆಲ್ಲಿನೊಳಗೆ ಬೀಳಬಾರದು.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಏಳುತ್ತದೆ. ಮುಚ್ಚಿದ ಖಾನೆಯಲ್ಲಿ ಒಂದು ಕಿಡಿ ಸಾಕು. ಬಾಗಿಲು ತೆರೆದಿಡಿ, ಬೀಡಿ-ಸಿಗರೇಟು ದೂರವಿಡಿ. ಜಂಪರ್ ಕೇಬಲ್ ಹಾಕುವಾಗ ಕೆಂಪು ಎರಡೂ ಕಡೆ ಪಾಸಿಟಿವ್‌ಗೆ, ಕಪ್ಪು ಒಳ್ಳೆ ಬ್ಯಾಟರಿಯ ನೆಗೆಟಿವ್‌ಗೆ, ಕಟ್ಟಕಡೆಯ ತುದಿ ಸತ್ತ ಬ್ಯಾಟರಿಗಲ್ಲ, ಅದರಿಂದ ದೂರದ ಇಂಜಿನ್ ಕಬ್ಬಿಣಕ್ಕೆ. ಕಿಡಿ ಹಾರುವುದು ಕೊನೆಯ ಜೋಡಣೆಯಲ್ಲಿ, ಅದು ಗ್ಯಾಸಿನ ಹತ್ತಿರ ಹಾರಬಾರದು. ಮುಚ್ಚಿದ ಶೆಡ್ಡಿನಲ್ಲಿ ಜನರೇಟರ್ ಓಡಿಸಿ ಗಾಡಿಯೊಳಗೆ ಮಲಗುವುದಂತೂ ಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಎಚ್ಚರವಾಗುವುದೇ ಇಲ್ಲ.

ಆ ಬ್ಯಾಟರಿ ಏನಾಯಿತು

ಅವತ್ತು ಗಾಡಿಯ ಇಂಜಿನ್ ಬ್ಯಾಟರಿಯಿಂದ ಕೇಬಲ್ ಎಳೆದು ಜನರೇಟರ್ ಎಬ್ಬಿಸಿದೆವು. ಎ.ಸಿ. ಓಡಿತು, ಮಕ್ಕಳು ಕುಣಿದರು. ಮರುದಿನ ಬ್ಯಾಟರಿ ಅಂಗಡಿಗೆ ಬಂತು. ರಾತ್ರಿಯಿಡೀ ಚಾರ್ಜಿಗಿಟ್ಟು ಬೆಳಿಗ್ಗೆ ತೆಗೆದಾಗ ಮೀಟರ್ 12.9 ತೋರಿಸಿತು. ಮಾಲೀಕನಿಗೆ ಖುಷಿ. "ಇದು ಮ್ಯಾಲಿನ ನೊರೆ, ತಡಿ" ಅಂದ ಗೆಳೆಯ. ಚಾರ್ಜರ್ ತೆಗೆದ ಕೂಡಲೇ ಕಾಣುವ ಅಂಕಿ ನಂಬುವಂಥದ್ದಲ್ಲ. ಮಧ್ಯಾಹ್ನಕ್ಕೆ 12.3, ಮರುದಿನ ಬೆಳಿಗ್ಗೆ 11.9. ಒಳಗೆ ಹಂಡೆಯ ಪದರ ಗಟ್ಟಿಯಾಗಿ ಕೂತಿತ್ತು.

ಹಳೆಯದನ್ನು ಸೀಸದ ಬೆಲೆಗೆ ಅಂಗಡಿಯವರೇ ವಾಪಸು ತೆಗೆದುಕೊಳ್ಳುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರವೂ ಅದು ಕಸದ ಗಾಡಿಗೆ ಹೋಗುವಂತಿಲ್ಲ. ಹೊಸದನ್ನು ಕೂರಿಸಿ, ಗ್ಯಾಸ್ ಅಲಾರಂ ವೈರನ್ನು ಮನೆ ಬ್ಯಾಟರಿಗೆ ಬದಲಾಯಿಸಿ, ಮೇಲೊಂದು ಸಣ್ಣ ಪ್ಯಾನೆಲ್ ಬಿಗಿದದ್ದಾಯಿತು. ಕೊನೆಗೆ ಗೆಳೆಯ ಬಿಳಿ ಪೇಂಟ್ ಮಾರ್ಕರ್ ತೆಗೆದು ಬ್ಯಾಟರಿಯ ಪಕ್ಕೆಯ ಮೇಲೆ ತಾರೀಖು ಬರೆದ, ಅದರ ಮುಂದೆ 12.7. ಕೆಳಗೆ ಉದ್ದಕ್ಕೂ ಹನ್ನೊಂದು ಖಾಲಿ ಗೆರೆ ಎಳೆದು, ಮಾರ್ಕರನ್ನು ಮಾಲೀಕನ ಜೇಬಿಗೆ ಸಿಕ್ಕಿಸಿದ.